ದೂರದ ಜಾವಾ ಸರ್ವರಿಗೆ ಜೆಎಂಎಕ್ಸ್ ಸಂಪರ್ಕ ಸಿಗದಿದ್ದಾಗ: ದೋಷ ಹುಡುಕುವ ದಾರಿ

ತಿಂಗಳ ಕೊನೆಯ ದಿನ ಮಧ್ಯಾಹ್ನ. ಬಿಲ್ಲಿಂಗ್ ಅಪ್ಲಿಕೇಶನ್ ತೆವಳುತ್ತಿತ್ತು. ಒಂದು ಬಿಲ್ ತೆರೆಯಲು ಹನ್ನೆರಡು ಸೆಕೆಂಡ್ ಹಿಡಿಯುತ್ತಿತ್ತು, ಆದರೆ ಸರ್ವರಿನ ಸಿಪಿಯು ಬಳಕೆ ಶೇ. 15 ಕೂಡ ದಾಟಿರಲಿಲ್ಲ. ಒಳಗೆ ಏನಾಗುತ್ತಿದೆ ಎಂದು ನೋಡಲು ನನ್ನ ಲ್ಯಾಪ್‌ಟಾಪಿನಲ್ಲಿ ವಿಷುವಲ್‌ವಿಎಂ (ಓಡುತ್ತಿರುವ ಜಾವಾ ಅಪ್ಲಿಕೇಶನ್ನಿನ ಒಳಗನ್ನು ಜೆಎಂಎಕ್ಸ್ ಮೂಲಕ ತೋರಿಸುವ ಸಾಧನ) ತೆರೆದು ಸರ್ವರಿನ ವಿಳಾಸವನ್ನೂ 9010 ಎಂಬ ಪೋರ್ಟನ್ನೂ ಕೊಟ್ಟೆ. ಸಂಪರ್ಕ ಸಾಧ್ಯವಿಲ್ಲ ಎಂಬ ಉತ್ತರ ತಕ್ಷಣ ಬಂತು.

ಆಮೇಲಿನ ಮೂರು ಗಂಟೆ ಹೋದದ್ದು ಅಪ್ಲಿಕೇಶನ್ನಿನ ನಿಧಾನವನ್ನು ಹುಡುಕಲು ಅಲ್ಲ, ಈ ಸಂಪರ್ಕವನ್ನು ಕೂಡಿಸಲು. ಒಬ್ಬರು ಫೈರ್‌ವಾಲ್ ತೆಗೆಯಿರಿ ಎಂದರು. ಇನ್ನೊಬ್ಬರು ಪಾಸ್‌ವರ್ಡ್ ತಪಾಸಣೆಯನ್ನೇ ನಿಲ್ಲಿಸಿ ನೋಡೋಣ ಎಂದರು. ಎರಡನ್ನೂ ಮಾಡಿದೆವು, ಎರಡರಿಂದಲೂ ಏನೂ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಆ ದಿನ ನಾವು ಮಾಡಬೇಕಾಗಿದ್ದ ಕೆಲಸವನ್ನು, ಮಾಡಬೇಕಾಗಿದ್ದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಾಗಿಲು

ಜಾವಾ ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶಕ್ಕೆ ಜೆವಿಎಂ ಎಂದು ಹೆಸರು. ಜೆಎಂಎಕ್ಸ್ ಎಂಬುದು ಓಡುತ್ತಿರುವ ಜೆವಿಎಂನ ಹೀಪ್ (ಅದು ಬಳಸುವ ಮೆಮೊರಿ), ಥ್ರೆಡ್ (ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆಗಳು), ಕಸ ವಿಲೇವಾರಿ (ಬಳಕೆ ಮುಗಿದ ಮೆಮೊರಿಯನ್ನು ಬಿಡಿಸುವ ಜಿಸಿ) ಮುಂತಾದ ವಿವರಗಳನ್ನು ಹೊರಗಿನಿಂದ ನೋಡಲು ಇರುವ ವ್ಯವಸ್ಥೆ. 2004ರಲ್ಲಿ ಬಂದ ಜಾವಾ 5ರಿಂದಲೂ ಅದು ಜಾವಾದ ಜೊತೆಗೇ ಬರುತ್ತಿದೆ. ದೂರದಿಂದ ನೋಡುವಾಗ ಅದು ಆರ್‌ಎಂಐ ಎಂಬ ಇನ್ನೂ ಹಳೆಯ ವಿಧಾನವನ್ನು ಬಳಸುತ್ತದೆ. ನಾನು ಕಂಡ ಸಂಪರ್ಕದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಆರ್‌ಎಂಐ ನಡೆದುಕೊಳ್ಳುವ ರೀತಿಯಿಂದ.

ನಾವು ಒಂದು ಪೋರ್ಟ್ ಕೊಟ್ಟು ಒಂದು ಸಂಪರ್ಕ ಕೇಳಿದ್ದೇವೆ ಎಂದುಕೊಳ್ಳುತ್ತೇವೆ. ನಿಜವಾಗಿ ನಡೆಯುವುದು ಎರಡು ಸಂಪರ್ಕ. ಮೊದಲನೆಯದು ನಾವು ಕೊಟ್ಟ ಪೋರ್ಟಿಗೆ. ಅಲ್ಲಿರುವುದು ರಿಜಿಸ್ಟ್ರಿ, ಅಂದರೆ ವಿಳಾಸ ಹೇಳುವ ಕಿಟಕಿ. ‘ಮೇಲ್ವಿಚಾರಣೆ ಎಲ್ಲಿ ನಡೆಯುತ್ತದೆ?’ ಎಂದು ಅಲ್ಲಿ ಕೇಳಿದರೆ ಅದು ಒಂದು ಚೀಟಿ ಕೊಡುತ್ತದೆ. ಆರ್‌ಎಂಐ ಭಾಷೆಯಲ್ಲಿ ಆ ಚೀಟಿಗೆ ಸ್ಟಬ್ ಎಂದು ಹೆಸರು. ಅದರಲ್ಲಿ ಒಂದು ವಿಳಾಸ, ಒಂದು ಪೋರ್ಟ್ ಇರುತ್ತವೆ. ವಿಷುವಲ್‌ವಿಎಂ ಆಗಲಿ, ಅಂಥದೇ ಇನ್ನೊಂದು ಸಾಧನವಾದ ಜೆಕನ್ಸೋಲ್ ಆಗಲಿ, ಆ ಚೀಟಿಯಲ್ಲಿ ಬರೆದ ಜಾಗಕ್ಕೆ ಎರಡನೆಯ ಸಂಪರ್ಕ ಮಾಡುತ್ತದೆ. ಅಸಲು ಕೆಲಸ ನಡೆಯುವುದು ಅಲ್ಲಿ.

ಚೀಟಿಯಲ್ಲಿರುವ ವಿಳಾಸವನ್ನು ಬರೆಯುವುದು ಸರ್ವರ್. ನಾವು ಯಾವ ವಿಳಾಸ ಹಿಡಿದು ಬಂದೆವು ಎಂಬುದು ಅದಕ್ಕೆ ಗೊತ್ತಿಲ್ಲ. ತನ್ನ ಹೆಸರು ತನಗೆ ಹೇಗೆ ಗೊತ್ತೋ ಹಾಗೆ ಬರೆದುಬಿಡುತ್ತದೆ. ಪೋರ್ಟಿನ ಸಂಗತಿಯೂ ಅಷ್ಟೇ: ನಾವು ಬೇರೆ ಹೇಳದಿದ್ದರೆ ಪ್ರತಿ ಸಲ ಅಪ್ಲಿಕೇಶನ್ ಶುರುವಾದಾಗ ಖಾಲಿ ಇರುವ ಯಾವುದೋ ಒಂದು ಪೋರ್ಟನ್ನು ಹಿಡಿಯುತ್ತದೆ. ‘ನಿನ್ನೆ ಕೆಲಸ ಮಾಡಿತ್ತು, ಇಂದು ಇಲ್ಲ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಮೊದಲು ಸರ್ವರಿನ ಒಳಗೆ

ಲ್ಯಾಪ್‌ಟಾಪಿನಲ್ಲಿ ಏನನ್ನೂ ಮುಟ್ಟುವ ಮೊದಲು ಸರ್ವರಿಗೆ ಲಾಗಿನ್ ಆಗಿ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ನಾವು ಕೊಟ್ಟೆವು ಎಂದುಕೊಂಡ ಆಯ್ಕೆಗಳು ಜೆವಿಎಂಗೆ ತಲುಪಿವೆಯೇ?

ಆಯ್ಕೆಗಳೆಲ್ಲ ಕಾಮ್.ಸನ್.ಮ್ಯಾನೇಜ್‌ಮೆಂಟ್.ಜೆಎಂಎಕ್ಸ್‌ರಿಮೋಟ್ ಎಂಬ ಉದ್ದ ಹೆಸರಿನಿಂದ ಶುರುವಾಗುತ್ತವೆ. ಇಲ್ಲಿ ಚಿಕ್ಕದಾಗಿ ಜೆಎಂಎಕ್ಸ್‌ರಿಮೋಟ್ ಎಂದೇ ಬರೆಯುತ್ತೇನೆ. ರಿಜಿಸ್ಟ್ರಿಗೆ ಜೆಎಂಎಕ್ಸ್‌ರಿಮೋಟ್.ಪೋರ್ಟ್, ಎರಡನೆಯ ಸಂಪರ್ಕಕ್ಕೆ ಜೆಎಂಎಕ್ಸ್‌ರಿಮೋಟ್.ಆರ್‌ಎಂಐ.ಪೋರ್ಟ್, ಚೀಟಿಯ ವಿಳಾಸಕ್ಕೆ ಜಾವಾ.ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್. ಈ ಕೊನೆಯದು ಜೆಎಂಎಕ್ಸ್‌ರಿಮೋಟ್ ಕುಟುಂಬಕ್ಕೆ ಸೇರಿದ್ದಲ್ಲ. ಬಹಳ ಜನ ಇದನ್ನು ಮರೆಯುವುದೂ ಅದಕ್ಕೇ.

ಇವೆಲ್ಲವನ್ನೂ ಕಮಾಂಡಿನಲ್ಲಿ ಜಾರ್ ಫೈಲಿನ ಹೆಸರಿಗಿಂತ ಮುಂಚೆ ಬರೆಯಬೇಕು. ಜಾರ್ ಹೆಸರಿನ ನಂತರ ಬರೆದದ್ದು ಅಪ್ಲಿಕೇಶನ್ನಿನ ಪಾಲಾಗುತ್ತದೆ, ಜೆವಿಎಂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ದೋಷ ಸಂದೇಶವೂ ಬರುವುದಿಲ್ಲ. ಅನುಮಾನ ಬಂದರೆ ಜೆಸಿಎಂಡಿ ಎಂಬ ಸಾಧನಕ್ಕೆ ಪ್ರಕ್ರಿಯೆಯ ಸಂಖ್ಯೆಯನ್ನು ಕೊಟ್ಟು ವಿಎಂ.ಕಮಾಂಡ್_ಲೈನ್ ಎಂದು ಕೇಳಿ. ಜೆವಿಎಂ ಯಾವ ಆಯ್ಕೆಗಳನ್ನು ತನ್ನದೆಂದು ತೆಗೆದುಕೊಂಡಿದೆ, ಯಾವುದನ್ನು ಅಪ್ಲಿಕೇಶನ್ನಿಗೆ ಬಿಟ್ಟುಕೊಟ್ಟಿದೆ ಎಂದು ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ.

ಎರಡನೆಯ ಪ್ರಶ್ನೆ, ಪೋರ್ಟ್ ನಿಜಕ್ಕೂ ತೆರೆದಿದೆಯೇ? ಲಿನಕ್ಸ್‌ನಲ್ಲಿ ಎಸ್‌ಎಸ್ ಕಮಾಂಡಿಗೆ ಎಲ್, ಟಿ, ಎನ್, ಪಿ ಆಯ್ಕೆಗಳನ್ನು ಸೇರಿಸಿ ಓಡಿಸಿದರೆ ಯಾವ ಪ್ರಕ್ರಿಯೆ ಯಾವ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿದೆ ಎಂದು ಗೊತ್ತಾಗುತ್ತದೆ. ನಿಮ್ಮ ಜಾವಾ ಪ್ರಕ್ರಿಯೆಯ ಎದುರು 9010 ಕಾಣದಿದ್ದರೆ ನೆಟ್‌ವರ್ಕಿನ ಗೊಡವೆಗೇ ಹೋಗಬೇಡಿ.

ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್ ಬಳಸುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಜೆಎಂಎಕ್ಸ್ ಆಯ್ಕೆಗಳನ್ನು ಜಾವಾ_ಆಪ್ಟ್ಸ್ ಎಂಬ ಪರಿಸರ ಚರದಲ್ಲಿ ಇಟ್ಟರೆ ಟಾಮ್‌ಕ್ಯಾಟನ್ನು ನಿಲ್ಲಿಸುವ ಸ್ಕ್ರಿಪ್ಟ್ ಕೂಡ ಅವನ್ನು ಓದುತ್ತದೆ. ನಿಲ್ಲಿಸಲೆಂದು ಹುಟ್ಟುವ ಚಿಕ್ಕ ಜೆವಿಎಂ ಅದೇ 9010 ಹಿಡಿಯಲು ಹೋಗಿ, ‘ಪೋರ್ಟ್ ಆಲ್‌ರೆಡಿ ಇನ್ ಯೂಸ್’ ಎಂದು ಹೇಳಿ ಸಾಯುತ್ತದೆ. ಟಾಮ್‌ಕ್ಯಾಟ್ ನಿಲ್ಲುವುದೇ ಇಲ್ಲ. ಆಯ್ಕೆಗಳನ್ನು ಕ್ಯಾಟಲಿನಾ_ಆಪ್ಟ್ಸ್ ಒಳಗೆ ಇಡಿ. ನಿಲ್ಲಿಸುವಾಗ ಅದನ್ನು ಓದುವುದಿಲ್ಲ.

ಸಂದೇಶವನ್ನು ಪೂರ್ತಿ ಓದಿ

ವಿಷುವಲ್‌ವಿಎಂ ಪರದೆಯ ಮೇಲೆ ತೋರಿಸುವ ಸಂದೇಶದಲ್ಲಿ ಕಾರಣ ಇರುವುದಿಲ್ಲ. ಕಾರಣ ಬೇಕೆಂದರೆ ಜೆಕನ್ಸೋಲನ್ನು ಟರ್ಮಿನಲ್‌ನಿಂದ ಡೀಬಗ್ ಆಯ್ಕೆಯೊಂದಿಗೆ ಶುರು ಮಾಡಿ, ಅದೇ ವಿಳಾಸ ಕೊಡಿ. ಕಿಟಕಿಯಲ್ಲಿ ಅದೇ ಹಳೆಯ ಮಾತು ಬಂದರೂ ಹಿಂದಿನ ಟರ್ಮಿನಲ್‌ನಲ್ಲಿ ಪೂರ್ತಿ ವಿವರ ಬಿದ್ದಿರುತ್ತದೆ. ನಮ್ಮ ಮೂರು ಗಂಟೆ ಕೊನೆಗೊಂಡದ್ದು ಹೀಗೆ. ಟರ್ಮಿನಲ್‌ನಲ್ಲಿ ಈ ಸಾಲು ಇತ್ತು:

‘ಕನೆಕ್ಷನ್ ರೆಫ್ಯೂಸ್ಡ್ ಟು ಹೋಸ್ಟ್: 127.0.1.1’

ನಾನು ಕೊಟ್ಟ ವಿಳಾಸ 10ರಿಂದ ಶುರುವಾಗುವ ಒಳ ನೆಟ್‌ವರ್ಕಿನದು. ಸಂಪರ್ಕ ನಿರಾಕರಿಸಿದ್ದು 127.0.1.1. ಎಂದರೆ ಮೊದಲ ಬಾಗಿಲು ತೆರೆದಿದೆ, ಚೀಟಿ ಕೈಗೆ ಬಂದಿದೆ, ಆ ಚೀಟಿಯಲ್ಲಿ 127.0.1.1 ಎಂದು ಬರೆದಿದೆ. ಆದರೆ 127ರಿಂದ ಶುರುವಾಗುವ ವಿಳಾಸಕ್ಕೆ ಯಾವ ಯಂತ್ರದಲ್ಲಾದರೂ ‘ನಾನೇ’ ಎಂದೇ ಅರ್ಥ. ಸರ್ವರ್ ಅದನ್ನು ತನ್ನ ವಿಳಾಸವೆಂದು ಬರೆಯಿತು, ನನ್ನ ಲ್ಯಾಪ್‌ಟಾಪ್ ಅದನ್ನು ತನ್ನ ವಿಳಾಸವೆಂದು ಓದಿ ತನ್ನ ಬಾಗಿಲನ್ನೇ ತಟ್ಟಿತು. ಅಲ್ಲಿ ಯಾರೂ ಇರಲಿಲ್ಲ. ಫೈರ್‌ವಾಲ್ ತೆಗೆದರೂ ಏನೂ ಆಗದಿದ್ದುದು ಇದಕ್ಕೇ: ಎರಡನೆಯ ಸಂಪರ್ಕ ಲ್ಯಾಪ್‌ಟಾಪಿನಿಂದ ಹೊರಗೇ ಹೋಗಿರಲಿಲ್ಲ.

127.0.1.1 ಎಲ್ಲಿಂದ ಬಂತು? ಡೆಬಿಯನ್ ಮತ್ತು ಉಬುಂಟು ಸ್ಥಾಪಿಸುವಾಗ ಇಟಿಸಿ ಕೋಶದ ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಹೆಸರಿನ ಎದುರು ಈ ವಿಳಾಸ ಬರೆಯುವ ರೂಢಿ ಇದೆ. ಸರ್ವರಿನಲ್ಲಿ ಹೋಸ್ಟ್‌ನೇಮ್ ಕಮಾಂಡಿಗೆ ಐ ಆಯ್ಕೆ ಕೊಟ್ಟು ಓಡಿಸಿದೆ. ಅದೇ 127.0.1.1 ಎದುರಿಗೆ ಬಂತು. ಜಾವಾ.ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್ ಆಯ್ಕೆಗೆ ಒಳ ನೆಟ್‌ವರ್ಕಿನ ವಿಳಾಸ ಬರೆದು, ಎರಡೂ ಪೋರ್ಟುಗಳನ್ನು 9010 ಎಂದೇ ನಿಗದಿ ಮಾಡಿ, ಅಪ್ಲಿಕೇಶನ್ ಮತ್ತೆ ಶುರು ಮಾಡಿದಾಗ ಸಂಪರ್ಕ ಸಿಕ್ಕಿತು. ಎರಡಕ್ಕೂ ಒಂದೇ ಪೋರ್ಟ್ ಇಡಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಇಟ್ಟರೆ ಫೈರ್‌ವಾಲಿನಲ್ಲಿ ಒಂದೇ ಪೋರ್ಟ್ ತೆರೆದರೆ ಸಾಕು.

ಸಂದೇಶ ಬೇರೆಯಾಗಿದ್ದರೆ ಕಾರಣವೂ ಬೇರೆ. ತಕ್ಷಣ ನಿರಾಕರಣೆ ಬರದೆ, ಬಹಳ ಹೊತ್ತು ಕಾದು ‘ಟೈಮ್ಡ್ ಔಟ್’ ಎಂದರೆ ಪ್ಯಾಕೆಟ್ಟುಗಳನ್ನು ದಾರಿಯಲ್ಲಿ ಯಾರೋ ಸದ್ದಿಲ್ಲದೆ ನುಂಗುತ್ತಿದ್ದಾರೆ. ಅದು ಫೈರ್‌ವಾಲ್ ಆಗಿರಬಹುದು, ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್ ಆಗಿರಬಹುದು, ಅಥವಾ ಚೀಟಿಯಲ್ಲಿರುವುದು ನಿಮ್ಮಿಂದ ತಲುಪಲಾಗದ ಒಳವಿಳಾಸ ಆಗಿರಬಹುದು. ಇಲ್ಲೂ ಸಂದೇಶದಲ್ಲಿರುವ ವಿಳಾಸವನ್ನು ನೋಡಿ. ನೀವು ಕೊಟ್ಟದ್ದೇ ಅಲ್ಲಿದ್ದರೆ ಮಾತ್ರ ಫೈರ್‌ವಾಲಿನ ಕಡೆ ತಿರುಗಿ.

‘ನಾನ್-ಜೆಆರ್‌ಎಂಪಿ ಸರ್ವರ್ ಅಟ್ ರಿಮೋಟ್ ಎಂಡ್‌ಪಾಯಿಂಟ್’ ಎಂದರೆ ಬಾಗಿಲು ತೆರೆದವನು ಆರ್‌ಎಂಐ ಭಾಷೆ ಆಡುವವನಲ್ಲ. ಒಂದೋ ಪೋರ್ಟ್ ಸಂಖ್ಯೆ ತಪ್ಪಾಗಿ ಅಲ್ಲಿ ಎಚ್‌ಟಿಟಿಪಿ ಸರ್ವರ್ ಕುಳಿತಿದೆ, ಇಲ್ಲವೇ ಸರ್ವರಿನಲ್ಲಿ ಎಸ್‌ಎಸ್‌ಎಲ್ (ಗೂಢಲಿಪಿಯ ಸಂಪರ್ಕ) ಇದ್ದು ನೀವು ಅದಿಲ್ಲದೆ ಹೋಗಿದ್ದೀರಿ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ನೋ ಸಚ್ ಆಬ್ಜೆಕ್ಟ್ ಇನ್ ಟೇಬಲ್’ ಎಂಬ ಸಾಲು. ಇಲ್ಲಿ ಎರಡೂ ಬಾಗಿಲು ತೆರೆದಿರುತ್ತವೆ. ಆದರೆ ಚೀಟಿ ಕೊಟ್ಟ ಜೆವಿಎಂ ಒಂದು, ಚೀಟಿ ಹಿಡಿದು ನೀವು ತಲುಪಿದ ಜೆವಿಎಂ ಇನ್ನೊಂದು. ಬರುವ ಸಂಪರ್ಕಗಳನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರಿನ ವಿಳಾಸವನ್ನು ಜೆಎಂಎಕ್ಸ್‌ಗೆ ಕೊಟ್ಟರೆ ಹೀಗಾಗುತ್ತದೆ: ಮೊದಲ ಸಂಪರ್ಕ ಒಂದು ಯಂತ್ರಕ್ಕೆ, ಎರಡನೆಯದು ಪಕ್ಕದ ಯಂತ್ರಕ್ಕೆ. ಮೂರು ಸಲ ವಿಫಲವಾಗಿ ನಾಲ್ಕನೆಯ ಸಲ ತಾನಾಗಿ ಸಿಕ್ಕಿಬಿಡುವುದರಿಂದ ಜನ ಇದನ್ನು ನೆಟ್‌ವರ್ಕಿನ ಚಂಚಲತೆ ಎಂದುಕೊಳ್ಳುತ್ತಾರೆ. ಮೇಲ್ವಿಚಾರಣೆಗೆ ಯಾವಾಗಲೂ ಯಂತ್ರದ ಸ್ವಂತ ವಿಳಾಸವನ್ನೇ ಕೊಡಬೇಕು.

ಪಾಸ್‌ವರ್ಡ್ ತೆಗೆಯಬೇಡಿ

ದೋಷ ಹುಡುಕಲೆಂದು ಅಥೆಂಟಿಕೇಟ್ (ಪಾಸ್‌ವರ್ಡ್ ಕೇಳುವ ಆಯ್ಕೆ) ಮತ್ತು ಎಸ್‌ಎಸ್‌ಎಲ್ ಎರಡನ್ನೂ ಫಾಲ್ಸ್ ಎಂದು ಇಟ್ಟು, ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟ ಸರ್ವರುಗಳನ್ನು ನಾನು ಕಂಡಿದ್ದೇನೆ. ಇದು ನನ್ನನ್ನು ನಿಜವಾಗಿ ಹೆದರಿಸುತ್ತದೆ. ಪಾಸ್‌ವರ್ಡ್ ಇಲ್ಲದ ಜೆಎಂಎಕ್ಸ್ ಪೋರ್ಟನ್ನು ತಲುಪಿದವರು ಬರೀ ಅಂಕಿಅಂಶ ನೋಡಿ ಹೋಗುವುದಿಲ್ಲ. ಹಳೆಯ ಜಾವಾ ಆವೃತ್ತಿಗಳಲ್ಲಿ ಎಂಲೆಟ್ ಎಂಬ ಸೌಲಭ್ಯದ ಮೂಲಕ ತಮ್ಮದೇ ಕೋಡನ್ನು ನಿಮ್ಮ ಜೆವಿಎಂ ಒಳಗೆ ತಂದು ಓಡಿಸಬಲ್ಲರು. ಅದು ಸರ್ವರಿನ ಬೀಗದ ಕೈಯನ್ನೇ ಕೊಟ್ಟಂತೆ.

ಪಾಸ್‌ವರ್ಡ್ ಫೈಲ್ ಇಟ್ಟಾಗ ಮೊದಲು ಎದುರಾಗುವುದು ‘ಪಾಸ್‌ವರ್ಡ್ ಫೈಲ್ ರೀಡ್ ಆಕ್ಸೆಸ್ ಮಸ್ಟ್ ಬಿ ರಿಸ್ಟ್ರಿಕ್ಟೆಡ್’ ಎಂಬ ದೋಷ. ಅಪ್ಲಿಕೇಶನ್ ಶುರುವಾಗಲೇ ಒಪ್ಪುವುದಿಲ್ಲ. ಫೈಲನ್ನು ಅದರ ಮಾಲೀಕನ ಹೊರತು ಬೇರೆ ಯಾರೂ ಓದಬಾರದು. ಸಿಎಚ್‌ಮೋಡ್ 600 ಕೊಡಿ. ಅಷ್ಟೇ ಸಾಲದು, ಆ ಮಾಲೀಕ ಜಾವಾ ಪ್ರಕ್ರಿಯೆಯನ್ನು ಓಡಿಸುವ ಬಳಕೆದಾರನೇ ಆಗಿರಬೇಕು. ರೂಟ್ ಆಗಿ ಲಾಗಿನ್ ಆಗಿ ಫೈಲ್ ಸೃಷ್ಟಿಸಿ, ಅಪ್ಲಿಕೇಶನನ್ನು ಬೇರೆ ಬಳಕೆದಾರನ ಹೆಸರಿನಲ್ಲಿ ಓಡಿಸಿದರೆ 600 ಇದ್ದರೂ ಉಪಯೋಗವಿಲ್ಲ.

ಇನ್ನೊಂದು ಫೈಲ್ ಯಾರಿಗೆ ಎಷ್ಟು ಅಧಿಕಾರ ಎಂದು ಹೇಳುತ್ತದೆ. ಮಾನಿಟರ್‌ರೋಲ್‌ಗೆ ರೀಡ್‌ಓನ್ಲಿ, ಕಂಟ್ರೋಲ್‌ರೋಲ್‌ಗೆ ರೀಡ್‌ರೈಟ್ ಎಂಬುದು ಜಾವಾದ ಜೊತೆ ಬರುವ ಮಾದರಿ. ಮಾನಿಟರ್‌ರೋಲ್‌ನಿಂದ ಒಳಗೆ ಹೋದವರಿಗೆ ಹೀಪಿನ ಗೆರೆ ಕಾಣುತ್ತದೆ, ಆದರೆ ಥ್ರೆಡ್‌ಗಳನ್ನು ಇಣುಕಿ ನೋಡುವ ಸ್ಯಾಂಪ್ಲರ್ ಎಂಬ ಟ್ಯಾಬ್ ಕೆಲಸ ಮಾಡುವುದಿಲ್ಲ. ಥ್ರೆಡ್‌ಗಳ ಚಿತ್ರ ತೆಗೆಯುವುದು ಒಂದು ಕಾರ್ಯವಾದ್ದರಿಂದ ಓದುವ ಹಕ್ಕು ಮಾತ್ರ ಇರುವವರಿಗೆ ಅದನ್ನು ಬಿಡುವುದಿಲ್ಲ. ಇದು ದೋಷವಲ್ಲ, ಅನುಮತಿಯ ಮಿತಿ.

ಟನೆಲ್ ಮತ್ತು ಕಂಟೇನರ್

ನಾನು ಈಗ ಎಲ್ಲ ಕಡೆ ಬಳಸುವುದು ಎಸ್‌ಎಸ್‌ಎಚ್ ಟನೆಲ್, ಅಂದರೆ ಸರ್ವರಿಗೆ ಲಾಗಿನ್ ಆಗುವ ಸುರಕ್ಷಿತ ಸಂಪರ್ಕದ ಒಳಗೇ ಹಾಯುವ ಸುರಂಗ. ಹೊರಗೆ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ. ಲ್ಯಾಪ್‌ಟಾಪಿನ 9010ನ್ನು ಸರ್ವರಿನ ಒಳಗಿನ ಲೋಕಲ್‌ಹೋಸ್ಟ್ 9010ಕ್ಕೆ ಕೂಡಿಸಿ, ವಿಷುವಲ್‌ವಿಎಂನಲ್ಲಿ ಲೋಕಲ್‌ಹೋಸ್ಟ್ 9010 ಎಂದು ಕೊಡುತ್ತೇನೆ. ಹೋಸ್ಟ್‌ನೇಮ್ ಆಯ್ಕೆಯಲ್ಲಿ ಬರೆಯುವುದು 127.0.0.1. ಮೇಲಿನ ಪ್ರಸಂಗದಲ್ಲಿ ಯಾವುದು ತಪ್ಪಾಗಿತ್ತೋ ಇಲ್ಲಿ ಅದೇ ಸರಿ: ಲ್ಯಾಪ್‌ಟಾಪ್ ತನ್ನ ಬಾಗಿಲನ್ನೇ ತಟ್ಟುತ್ತದೆ, ಆ ಬಾಗಿಲ ಹಿಂದೆ ಟನೆಲ್ ಕಾದಿರುತ್ತದೆ. ಜೆಎಂಎಕ್ಸ್‌ರಿಮೋಟ್.ಹೋಸ್ಟ್ ಆಯ್ಕೆಗೂ 127.0.0.1 ಕೊಟ್ಟರೆ ಆ ಪೋರ್ಟ್ ಹೊರಗಿನವರಿಗೆ ಕಾಣುವುದೇ ಇಲ್ಲ.

ಟನೆಲ್‌ನ ಎರಡೂ ತುದಿಗಳಲ್ಲಿ ಪೋರ್ಟ್ ಸಂಖ್ಯೆ ಒಂದೇ ಇರಬೇಕು. ಲ್ಯಾಪ್‌ಟಾಪಿನಲ್ಲಿ 9010 ಖಾಲಿ ಇಲ್ಲವೆಂದು 9011ನ್ನು ಸರ್ವರಿನ 9010ಕ್ಕೆ ಕೂಡಿಸಿದರೆ ಮೊದಲ ಸಂಪರ್ಕ ಸರಾಗ. ಚೀಟಿಯಲ್ಲಿ ಮಾತ್ರ 9010 ಎಂದಿರುತ್ತದೆ. ಲ್ಯಾಪ್‌ಟಾಪಿನ 9010ರಲ್ಲಿ ಇನ್ನೊಂದು ಸರ್ವರಿನ ಟನೆಲ್ ಇದ್ದರೆ ನೇರವಾಗಿ ‘ನೋ ಸಚ್ ಆಬ್ಜೆಕ್ಟ್’ ದೋಷಕ್ಕೆ ಬಂದು ನಿಲ್ಲುತ್ತೀರಿ.

ಅಪ್ಲಿಕೇಶನನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನಲ್ಲೂ ಇದೇ ನಿಯಮ. ಕಂಟೇನರಿನ ಒಳಗಿನ ಪೋರ್ಟನ್ನು ಹೊರಗೆ ಬೇರೆ ಸಂಖ್ಯೆಗೆ ಕೂಡಿಸಬೇಡಿ. ಹಲವು ಕಂಟೇನರುಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಅದರ ಕಮಾಂಡ್ ಆದ ಕ್ಯೂಬ್‌ಸಿಟಿಎಲ್‌ನ ಪೋರ್ಟ್-ಫಾರ್ವರ್ಡ್ ಬಳಸಿದರೆ ಅದು ಟನೆಲ್‌ನಂತೆಯೇ, 127.0.0.1 ಮತ್ತು ಒಂದೇ ಪೋರ್ಟ್ ಸಂಖ್ಯೆ, ಅಷ್ಟೇ.

ಓಡುತ್ತಿರುವ ಜಾವಾ ಪ್ರಕ್ರಿಯೆಗಳ ಪಟ್ಟಿಗಾಗಿ ಸರ್ವರಿನಲ್ಲೇ ಜೆಪಿಎಸ್ ಅಥವಾ ಜೆಸಿಎಂಡಿ ಓಡಿಸಿದಾಗ ಪಟ್ಟಿ ಖಾಲಿ ಬಂದರೆ ಟಿಎಂಪಿ ಕೋಶವನ್ನು ನೋಡಿ. ಜೆವಿಎಂ ತನ್ನ ಇರವನ್ನು ಅಲ್ಲಿ ಎಚ್‌ಎಸ್‌ಪರ್ಫ್‌ಡೇಟಾ ಎಂದು ಶುರುವಾಗುವ ಕೋಶದೊಳಗಿನ ಒಂದು ಫೈಲಿನ ಮೂಲಕ ತಿಳಿಸುತ್ತದೆ. ಹಳೆಯ ಫೈಲುಗಳನ್ನು ಗುಡಿಸುವ ವ್ಯವಸ್ಥೆ ಅದನ್ನೂ ಗುಡಿಸಿರಬಹುದು, ಸಿಸ್ಟಮ್‌ಡಿಯ ಪ್ರೈವೇಟ್‌ಟಿಎಂಪಿ (ಪ್ರತಿ ಸೇವೆಗೂ ಬೇರೆ ಟಿಎಂಪಿ ಕೋಶ ಕೊಡುವ ಲಿನಕ್ಸ್ ಆಯ್ಕೆ) ಅದನ್ನು ಮರೆಮಾಡಿರಬಹುದು, ಅಥವಾ ನೀವು ಬೇರೆ ಬಳಕೆದಾರನಾಗಿ ಲಾಗಿನ್ ಆಗಿರಬಹುದು.

ಸಂಪರ್ಕ ಸಿಕ್ಕಿತು, ಈಗ ನೋಡುವುದೇನನ್ನು?

ದೂರದ ಪ್ರಕ್ರಿಯೆಗೆ ವಿಷುವಲ್‌ವಿಎಂ ಪ್ರೊಫೈಲರ್ ಎಂಬ ಟ್ಯಾಬನ್ನು ತೋರಿಸುವುದಿಲ್ಲ. ಅದು ಅದೇ ಯಂತ್ರದಲ್ಲಿ ಓಡುವ ಅಪ್ಲಿಕೇಶನ್‌ಗಳಿಗೆ ಮಾತ್ರ. ದೂರಕ್ಕೆ ಸಿಗುವುದು ಸ್ಯಾಂಪ್ಲರ್: ಥ್ರೆಡ್‌ಗಳು ಎಲ್ಲಿವೆ ಎಂದು ಮತ್ತೆ ಮತ್ತೆ ಇಣುಕಿ ಲೆಕ್ಕ ಹಾಕುವ ವಿಧಾನ. ಪರ್ಫಾರ್ಮ್ ಜಿಸಿ ಮತ್ತು ಹೀಪ್ ಡಂಪ್ ಎಂಬ ಗುಂಡಿಗಳೂ ಅಲ್ಲೇ ಹತ್ತಿರ ಇರುತ್ತವೆ. ಜನ ಬಳಸುತ್ತಿರುವ ಸರ್ವರಿನಲ್ಲಿ ಅವನ್ನು ಯೋಚಿಸದೆ ಒತ್ತಬೇಡಿ. ಹೀಪ್ ಡಂಪ್ ಬರೆಯುವಷ್ಟೂ ಹೊತ್ತು ಅಪ್ಲಿಕೇಶನ್ ನಿಂತಿರುತ್ತದೆ, ಫೈಲ್ ಬೀಳುವುದು ಸರ್ವರಿನ ಡಿಸ್ಕಿನಲ್ಲಿ, ಅದರ ಗಾತ್ರ ಬಳಕೆಯಲ್ಲಿರುವ ಹೀಪಿನಷ್ಟು.

ಆ ದಿನ ಸ್ಯಾಂಪ್ಲರ್ ಓಡಿಸಿದಾಗ ಪಟ್ಟಿಯ ತುದಿಯಲ್ಲಿ ಕಂಡದ್ದು ಸಾಕೆಟ್‌ನಿಂದ ಓದುವ ಒಂದು ಮೆಥಡ್, ಅದರ ಕೆಳಗೆ ಈಪೋಲ್‌ನಲ್ಲಿ (ನೆಟ್‌ವರ್ಕಿನ ಸುದ್ದಿಗಾಗಿ ಕಾಯುವ ಲಿನಕ್ಸ್ ಸೌಲಭ್ಯ) ಕಾಯುವ ಇನ್ನೊಂದು. ನಮ್ಮವರೊಬ್ಬರು ಡೇಟಾಬೇಸೇ ನಿಧಾನ ಎಂದು ತೀರ್ಪು ಕೊಟ್ಟು ಆ ತಂಡಕ್ಕೆ ಪತ್ರವನ್ನೂ ಬರೆಯಲು ಕುಳಿತರು. ಅವರನ್ನು ತಡೆದೆ. ನೆಟ್‌ವರ್ಕಿನಿಂದ ಏನಾದರೂ ಬರಲಿ ಎಂದು ಕಾಯುತ್ತ ಕುಳಿತ ಥ್ರೆಡ್ಡನ್ನೂ ಜೆವಿಎಂ ‘ಓಡುತ್ತಿದೆ’ ಎಂದೇ ಹೇಳುತ್ತದೆ, ಏಕೆಂದರೆ ಆ ಕಾಯುವಿಕೆ ನಡೆಯುವುದು ಜಾವಾದ ಹೊರಗೆ, ಆಪರೇಟಿಂಗ್ ಸಿಸ್ಟಂನಲ್ಲಿ. ಬರೀ ಒಟ್ಟು ಸಮಯದ ಕಾಲಂ ನೋಡಿದರೆ ಸುಮ್ಮನೆ ಕುಳಿತವರೇ ಹೆಚ್ಚು ದುಡಿದವರಂತೆ ಕಾಣುತ್ತಾರೆ. ಪಕ್ಕದ ಸಿಪಿಯು ಸಮಯದ ಕಾಲಂನಲ್ಲಿ ಆ ಎರಡೂ ಮೆಥಡ್‌ಗಳ ಎದುರು ಸೊನ್ನೆಯ ಆಸುಪಾಸಿನ ಅಂಕಿ ಇತ್ತು.

ಸಿಪಿಯು ಕಡಿಮೆ, ಕೆಲಸವೂ ನಿಧಾನ ಎಂದಾಗ ಹುಡುಕಬೇಕಾದದ್ದು ಯಾರು ದುಡಿಯುತ್ತಿದ್ದಾರೆ ಎಂದಲ್ಲ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು. ಅದಕ್ಕೆ ಒಳ್ಳೆಯ ಸಾಧನ, ಜೆವಿಎಂ ಒಳಗಿನ ಘಟನೆಗಳನ್ನು ಫೈಲಿಗೆ ದಾಖಲಿಸುವ ಜಾವಾ ಫ್ಲೈಟ್ ರೆಕಾರ್ಡರ್ (ಜೆಎಫ್‌ಆರ್). ಮೊದಲು ಒರೇಕಲ್‌ನ ವಾಣಿಜ್ಯ ಸೌಲಭ್ಯವಾಗಿದ್ದ ಇದು 2018ರಲ್ಲಿ ಜಾವಾ 11ರೊಂದಿಗೆ ಎಲ್ಲರಿಗೂ ಮುಕ್ತವಾಯಿತು. ಜಾವಾ 8ರಲ್ಲಿ ಉಳಿದಿರುವವರಿಗೂ ಓಪನ್‌ಜೆಡಿಕೆಯ 262ನೆಯ ಅಪ್‌ಡೇಟಿನಿಂದ ಲಭ್ಯ. ಇದಕ್ಕೆ ಜೆಎಂಎಕ್ಸ್ ಪೋರ್ಟ್ ಬೇಕಾಗಿಯೇ ಇಲ್ಲ. ಸರ್ವರಿನಲ್ಲಿ ಜೆಸಿಎಂಡಿಗೆ ಪ್ರಕ್ರಿಯೆಯ ಸಂಖ್ಯೆ ಕೊಟ್ಟು, ಜೆಎಫ್‌ಆರ್.ಸ್ಟಾರ್ಟ್ ಎಂದು ಹೇಳಿ, ಅವಧಿ 120 ಸೆಕೆಂಡ್, ಸೆಟ್ಟಿಂಗ್ಸ್ ಪ್ರೊಫೈಲ್, ಮತ್ತು ಒಂದು ಫೈಲ್ ಹೆಸರು ಕೊಡಿ. ಎರಡು ನಿಮಿಷದ ನಂತರ ಆ ಫೈಲನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿ, ಆ ದಾಖಲೆಗಳನ್ನು ತೋರಿಸುವ ಮಿಷನ್ ಕಂಟ್ರೋಲ್‌ನಲ್ಲಿ ತೆರೆಯಿರಿ. ಮೂರು ಗಂಟೆ ಸಂಪರ್ಕಕ್ಕಾಗಿ ಹೋರಾಡುವ ಬದಲು ಮೊದಲೇ ಇದನ್ನು ಮಾಡಿದ್ದರೆ ಬಿಲ್ಲಿಗಾಗಿ ಕಾಯುತ್ತಿದ್ದ ಜನರಿಗೆ ಅಂದೇ ಉತ್ತರ ಸಿಗುತ್ತಿತ್ತು.

ಪ್ರೊಫೈಲ್ ಸೆಟ್ಟಿಂಗಿನಲ್ಲಿ, ಬೀಗಕ್ಕಾಗಿ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಲಾಕ್) 10 ಮಿಲಿಸೆಕೆಂಡಿಗಿಂತ ಹೆಚ್ಚು ಕಾದ ಪ್ರತಿ ಥ್ರೆಡ್ಡಿನ ದಾಖಲೆಯೂ ಇರುತ್ತದೆ. ಲಾಕ್ ಪುಟ ತೆರೆದೆ. ಒಂದೇ ಕ್ಲಾಸಿನ ಹೆಸರು ಸಾವಿರಾರು ಸಲ ಬಂದಿತ್ತು. ಬಿಲ್ಲಿನ ಪ್ರತಿ ಸಾಲಿನ ದಿನಾಂಕವನ್ನು ಅಚ್ಚಿಗೆ ತಕ್ಕಂತೆ ಬರೆಯುವ ಒಂದು ಚಿಕ್ಕ ಮೆಥಡ್ ಅದು. ಇಡೀ ಅಪ್ಲಿಕೇಶನ್ನಿಗೆ ಒಂದೇ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಇಟ್ಟುಕೊಂಡಿದ್ದರು. ಅದನ್ನು ಹಲವು ಥ್ರೆಡ್‌ಗಳು ಒಟ್ಟಿಗೆ ಬಳಸುವಂತಿಲ್ಲವಾದ್ದರಿಂದ, ಯಾರೋ ಎಚ್ಚರದಿಂದಲೇ ಮೆಥಡ್ಡಿಗೆ ಸಿಂಕ್ರೊನೈಸ್ಡ್ ಎಂಬ ಬೀಗ ಹಾಕಿದ್ದರು. ಉಳಿದ ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಿಂಗಳ ಕೊನೆಯಲ್ಲಿ ಇನ್ನೂರು ಥ್ರೆಡ್‌ಗಳು ಆ ಒಂದು ಬಾಗಿಲ ಮುಂದೆ ಸಾಲು ನಿಂತಿದ್ದವು. ಆ ಬೀಗದೊಳಗೇ ಇನ್ನೊಂದು ಸಾಲು ಇತ್ತು: ಪ್ರತಿ ದಿನಾಂಕಕ್ಕೂ ಒಂದು ಲಾಗ್ ಬರೆಯುವ ಕರೆ. ಡಿಸ್ಕ್ ಒಪ್ಪುವ ತನಕ ಉಳಿದವರೆಲ್ಲ ನಿಂತಿರಬೇಕು. ಸಿಪಿಯು ಸುಮ್ಮನಿದ್ದುದು ಅದಕ್ಕೇ.

ಲಾಗ್ ಸಾಲನ್ನು ತೆಗೆದೆವು. ಸಿಂಪಲ್‌ಡೇಟ್‌ಫಾರ್ಮ್ಯಾಟಿನ ಜಾಗದಲ್ಲಿ ಜಾವಾ 8ರಿಂದ ಇರುವ ಡೇಟ್‌ಟೈಮ್‌ಫಾರ್ಮ್ಯಾಟರ್ ಬಂತು. ಅದನ್ನು ಎಷ್ಟು ಥ್ರೆಡ್‌ಗಳು ಬೇಕಾದರೂ ಒಟ್ಟಿಗೆ ಬಳಸಬಹುದಾದ್ದರಿಂದ ಬೀಗವೂ ಹೋಯಿತು. ಮರುದಿನ ಅದೇ ಸರ್ವರಿನಲ್ಲಿ ಮತ್ತೆ ಎರಡು ನಿಮಿಷ ರೆಕಾರ್ಡ್ ಮಾಡಿ ಲಾಕ್ ಪುಟ ತೆರೆದಾಗ ಆ ಕ್ಲಾಸಿನ ಹೆಸರು ಒಮ್ಮೆಯೂ ಕಾಣಲಿಲ್ಲ. ಸಂಜೆ ಫೈರ್‌ವಾಲಿನ ನಿಯಮಗಳನ್ನು ಮೊದಲಿನಂತೆ ಕೂರಿಸಿ, ಪಾಸ್‌ವರ್ಡ್ ತಪಾಸಣೆಯನ್ನು ಮತ್ತೆ ಚಾಲೂ ಮಾಡಿ, 9010ನ್ನು 127.0.0.1ಕ್ಕೆ ಕಟ್ಟಿಹಾಕಿದೆ.